ಅತ್ತೆ ಒತ್ತಿದ ಪುಟ

ನಮ್ಮ ಮನೆಯಲ್ಲಿ ವೇದಪುಸ್ತಕಗಳು ಎರಡಿದ್ದವು. ಚಿಕ್ಕದು ಓದುವುದಕ್ಕೆ, ದೊಡ್ಡದು ಕೇಳುವುದಕ್ಕೆ. ಚಿಕ್ಕದನ್ನು ಅಜ್ಜಿ ದಿನಾ ಬೆಳಿಗ್ಗೆ ಕಿಟಕಿಯ ಪಕ್ಕ ಕುಳಿತು, ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಾಡಿಸುತ್ತ ಓದುತ್ತಿದ್ದಳು. ದೊಡ್ಡದು ಬೀರುವಿನ ಮೇಲಿನ ಅರೆಯಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡು ಮಲಗಿರುತ್ತಿತ್ತು. ಮನೆಯಲ್ಲಿ ಹುಟ್ಟಿದವರ, ಮದುವೆಯಾದವರ, ಸತ್ತವರ ತಾರೀಖುಗಳೆಲ್ಲ ಅದರ ಮೊದಲ ಖಾಲಿ ಹಾಳೆಯಲ್ಲಿ. ಅದನ್ನು ಕೆಳಗಿಳಿಸಿದರು ಎಂದರೆ ಯಾರದೋ ಬದುಕು ಇಂದು ತೀರ್ಮಾನವಾಗುತ್ತದೆ ಎಂದೇ ಲೆಕ್ಕ.

ಕೇಳುವ ಕ್ರಮ ಹೀಗೆ. ಮನೆಮಂದಿಯೆಲ್ಲ ಮೇಜಿನ ಸುತ್ತ ನಿಂತು ಪ್ರಾರ್ಥನೆ ಮಾಡಬೇಕು. ಆಮೇಲೆ ಅಜ್ಜಿ ಪುಸ್ತಕದ ಬೆನ್ನನ್ನು ಮೇಜಿಗೆ ಊರಿ, ಎರಡು ಅಂಗೈಗಳ ನಡುವೆ ನೆಟ್ಟಗೆ ಹಿಡಿದು, ಕಣ್ಣು ಮುಚ್ಚಿ, ಕೈ ಬಿಡುತ್ತಾಳೆ. ಎಲ್ಲಿ ಬಿಚ್ಚಿಕೊಂಡು ಬೀಳುತ್ತದೋ ಆ ಪುಟದ ಮೇಲೆ ಬೆರಳಿಡುತ್ತಾಳೆ. ಬೆರಳಿನ ಕೆಳಗೆ ಇರುವುದೇ ಕರ್ತನ ಉತ್ತರ. ಇದಕ್ಕೆ ನಮ್ಮಲ್ಲಿ 'ಪುಸ್ತಕ ಬಿಡುವುದು' ಎನ್ನುತ್ತಿದ್ದರು. ನಮ್ಮ ಪಾದ್ರಿಗಳಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. "ದೇವರ ದಾರಿ ಬೇಕು ಅಂದ್ರೆ ಪುಸ್ತಕ ಓದ್ಬೇಕು ತಾಯಿ, ಬೀಳಿಸೋದಲ್ಲ," ಎಂದು ಎಷ್ಟೋ ಸಲ ಹೇಳಿದ್ದರಂತೆ. ಅಜ್ಜಿ "ಆಯ್ತು ಆಯ್ತು" ಎಂದು ತಲೆಯಾಡಿಸಿ, ಮನೆಗೆ ಬಂದು ಬೀಳಿಸುತ್ತಿದ್ದಳು. ಪಾದ್ರಿಗಳು ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ, ಪುಸ್ತಕ ಇಲ್ಲೇ ಇರುತ್ತದೆ ಎಂಬುದು ಅವಳ ವಾದ.

ಆದರೆ ನಾನು ಹೇಳಬೇಕಾದದ್ದು ಅಜ್ಜಿಯ ಕಥೆಯಲ್ಲ, ಅವಳ ಮಗಳ ಕಥೆ. ನನ್ನ ಅಪ್ಪನ ಅಕ್ಕ, ನನ್ನ ಸೋದರತ್ತೆ. ಹದಿನೇಳನೇ ವಯಸ್ಸಿಗೆ ಅಚ್ಚುಕೂಟದ ಬೈಂಡಿಂಗ್ ಕೋಣೆಗೆ ಕೆಲಸಕ್ಕೆ ಸೇರಿದವಳು ನಲವತ್ತೊಂದು ವರ್ಷ ಅದೇ ಕಿಟಕಿಯ ಪಕ್ಕ, ಅದೇ ಬೆಂಚಿನಲ್ಲಿ ಕೂತು ಪುಸ್ತಕ ಹೊಲಿದಳು. ನಮ್ಮ ಚರ್ಚಿನ ಸಭೆಯ ಹೆಂಗಸರು ಅವಳಿಗೆ ಇಟ್ಟ ಹೆಸರು 'ಸ್ವಚಿತ್ತದವಳು'. ದೇವರ ಚಿತ್ತ ಒಂದು ಕಡೆ, ಇವಳ ಚಿತ್ತ ಇನ್ನೊಂದು ಕಡೆ ಎಂಬರ್ಥದಲ್ಲಿ. ಅವಳ ಮುಂದೆ ಯಾರೂ ಅನ್ನುತ್ತಿರಲಿಲ್ಲ, ಆದರೆ ಅವಳಿಗೆ ಕೇಳಿಸುವಷ್ಟು ದೂರದಲ್ಲಿ ನಿಂತೇ ಅನ್ನುತ್ತಿದ್ದರು. ಬಾಯಿಗೆ ಬಂದದ್ದನ್ನು ಅಂದುಬಿಡುವ ಜನರಿಗಿಂತ ಇಂಥ ಭಕ್ತರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ನಾನು ನೇರ ಬೈಂಡಿಂಗ್ ಕೋಣೆಗೆ ಹೋಗುತ್ತಿದ್ದೆ. ಉದ್ದನೆಯ ಕೋಣೆ, ಎತ್ತರದ ಕಿಟಕಿಗಳು, ಅಂಟಿನ ಹುಳಿ ವಾಸನೆ. ಯಂತ್ರದ ಕಡೆಯಿಂದ ದೊಡ್ಡ ದೊಡ್ಡ ಹಾಳೆಗಳು ಬರುತ್ತಿದ್ದವು. ಹೆಂಗಸರು ಅವನ್ನು ಮಡಿಸಿ, ಮೂಳೆಯ ಪಟ್ಟಿಯಿಂದ ಮಡಿಕೆ ತೀಡಿ, ಹದಿನಾರು ಪುಟಕ್ಕೊಂದು ಫಾರಂ ಮಾಡಿ ಜೋಡಿಸುತ್ತಿದ್ದರು. ಅತ್ತೆ ಅವನ್ನು ಒಂದರ ಮೇಲೊಂದು ಇಟ್ಟು ದಾರದಲ್ಲಿ ಹೊಲಿದು, ಬೆನ್ನಿಗೆ ಅಂಟು ಬಳಿದು, ರಟ್ಟು ಕೂರಿಸುತ್ತಿದ್ದಳು. ಹೊಸ ಪುಸ್ತಕವನ್ನು ಹೇಗೆ ತೆರೆಯಬೇಕು ಎಂದು ನನಗೆ ಕಲಿಸಿದವಳು ಅವಳೇ. ಮೊದಲು ಮುಂದಿನಿಂದ ಹತ್ತು ಹಾಳೆ, ಆಮೇಲೆ ಹಿಂದಿನಿಂದ ಹತ್ತು, ಮತ್ತೆ ಮುಂದಿನಿಂದ, ಮತ್ತೆ ಹಿಂದಿನಿಂದ, ಹೀಗೆ ಮೆತ್ತಗೆ ಒತ್ತುತ್ತ ನಡುವಿಗೆ ಬರಬೇಕು. ಅವಸರಕ್ಕೆ ಬಿದ್ದು ಒಂದೇ ಕಡೆ ಬಿಡಿಸಿ ಒತ್ತಿದರೆ ಮುಗಿಯಿತು, ಆ ಪುಸ್ತಕಕ್ಕೆ ಅದೇ ಚಾಳಿ. ಸಾಯುವ ತನಕ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಇದನ್ನು ಹೇಳುವಾಗ ಅತ್ತೆ ನನ್ನ ಮುಖ ನೋಡುತ್ತಿರಲಿಲ್ಲ. ಯಾಕೆ ಎಂದು ತಿಳಿಯಲು ನನಗೆ ಇಪ್ಪತ್ತಾರು ವರ್ಷ ತುಂಬಬೇಕಾಯಿತು.

ಅತ್ತೆಗೆ ಇಪ್ಪತ್ತಾರು ಇದ್ದಾಗ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಒಬ್ಬ ಕಂಪೋಸಿಟರ್ ಇದ್ದ. ಎಲ್ಲರೂ ಅವನನ್ನು 'ಉಲ್ಟಾ' ಎಂದೇ ಕರೆಯುತ್ತಿದ್ದರು. ಅಚ್ಚಿನ ಮೊಳೆಯಲ್ಲಿ ಅಕ್ಷರ ತಿರುವುಮುರುವಾಗಿ ಇರುತ್ತದಲ್ಲ, ಅದನ್ನು ಓದಿ ಓದಿ ಅವನಿಗೆ ಎದುರು ಕೂತವರ ಕೈಯಲ್ಲಿದ್ದ ಕಾಗದವನ್ನೂ ಅವರಿಗಿಂತ ಮುಂಚೆ ಓದುವ ಅಭ್ಯಾಸ. ಅವನ ಮುಂದೆ ಪತ್ರ ಬಿಚ್ಚಲು ಜನ ಹೆದರುತ್ತಿದ್ದರಂತೆ. ಮೂರು ವರ್ಷ ಅವನೂ ಅತ್ತೆಯೂ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಚ್ಚುಕೂಟದ ಹಿಂದಿನ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದರು. ಅಷ್ಟೇ. ಅದಕ್ಕಿಂತ ಹೆಚ್ಚಿನದೇನೂ ನಡೆದಿರಲಿಲ್ಲ, ನಡೆಯಬೇಕು ಎಂಬ ಆಸೆ ಮಾತ್ರ ಇಬ್ಬರಿಗೂ ಕುತ್ತಿಗೆಯ ತನಕ ಇತ್ತು.

ಒಂದು ದಿನ ಅವನು ಹೇಳಿದ. ರೈಲಿನಲ್ಲಿ ಎರಡು ದಿನದ ದಾರಿಯ ಬಂದರಿನ ಊರಿನಲ್ಲಿ ಹೊಸ ಅಚ್ಚುಕೂಟ ಶುರುವಾಗುತ್ತಿದೆ, ತನ್ನನ್ನು ಕರೆದಿದ್ದಾರೆ ಎಂದ.

"ತಿಂಗಳ ಕೊನೆಗೆ ಹೊರಡ್ತೀನಿ. ಒಬ್ಬನೇ ಹೋಗೋಕೆ ಮನಸ್ಸಿಲ್ಲ. ನೀನು ಹೂಂ ಅಂದ್ರೆ ಮದುವೆ ಮಾಡ್ಕೊಂಡೇ ಹೋಗೋಣ."

"ಅಮ್ಮನ್ನ ಕೇಳ್ಬೇಕು," ಎಂದಳು ಅತ್ತೆ.

"ಅಮ್ಮ ಯಾರನ್ನ ಕೇಳ್ತಾರೆ?"

"ಪುಸ್ತಕನ."

ಅವನು ನಕ್ಕ. "ಆ ಪುಸ್ತಕ ಈಗ ನಿನ್ನ ಬೆಂಚಿನ ಮೇಲೇ ಬಿದ್ಕೊಂಡಿದೆಯಲ್ಲೇ!"

ಅದು ನಿಜವಾಗಿತ್ತು. ಅಜ್ಜಿಯ ದೊಡ್ಡ ಪುಸ್ತಕದ ಹೊಲಿಗೆ ಹಳೆಯದಾಗಿ ಹಾಳೆ ಕಿತ್ತುಬರುತ್ತಿತ್ತು. ಹೊಸದಾಗಿ ಕಟ್ಟಿಕೊಡು ಎಂದು ಅಜ್ಜಿಯೇ ಆ ವಾರ ಅದನ್ನು ಅತ್ತೆಯ ಕೈಗೆ ಕೊಟ್ಟಿದ್ದಳು. ಅವನು ತಮಾಷೆಗೆ ಅಂದದ್ದು. ಅತ್ತೆಗೆ ಅದು ತಮಾಷೆಯಾಗಿ ಉಳಿಯಲಿಲ್ಲ.

ದೂರದೇಶಕ್ಕೆ ಮದುವೆಯಾಗಿ ಹೋಗುವೆಯಾ ಎಂದು ಮನೆಯವರು ಕೇಳಿದಾಗ ಹೋಗುತ್ತೇನೆ ಎಂದು ಒಂದೇ ಮಾತು ಹೇಳಿ ಹೊರಟುಬಿಟ್ಟ ಹುಡುಗಿಯ ಕಥೆ ಆ ಪುಸ್ತಕದಲ್ಲಿದೆ. ಅತ್ತೆ ಅಷ್ಟೂ ಫಾರಂಗಳನ್ನು ಹೊಸ ದಾರದಲ್ಲಿ ಹೊಲಿದಳು. ಬೆನ್ನಿಗೆ ಅಂಟು ಹಾಕಿದಳು. ಅಂಟು ಇನ್ನೂ ಅರೆಬರೆ ಒಣಗಿರುವಾಗ, ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ, ಆ ಕಥೆಯ ಪುಟವನ್ನು ಹುಡುಕಿ, ಪುಸ್ತಕವನ್ನು ಅಲ್ಲಿ ಪೂರ್ತಿ ಬಿಡಿಸಿ, ಮೊಣಕೈ ಊರಿ ಒತ್ತಿದಳು. ಮೂಳೆಯ ಪಟ್ಟಿಯಿಂದ ನಡುವಿನ ಸಂದನ್ನು ಮೇಲಿಂದ ಕೆಳಗೆ ನಾಲ್ಕು ಸಲ ತೀಡಿದಳು. ಆಮೇಲೆ ಅದರ ಮೇಲೆ ಕಬ್ಬಿಣದ ತೂಕವಿಟ್ಟು ತಾನೂ ಊಟಕ್ಕೆ ಹೋದಳು. ಒಂಬತ್ತು ವರ್ಷದ ಕೆಲಸದಲ್ಲಿ ಅವಳು ಬೇಕೆಂದೇ ಕೆಡಿಸಿದ ಒಂದೇ ಪುಸ್ತಕ ಅದು.

ಆ ಭಾನುವಾರ ಮಧ್ಯಾಹ್ನ ಅಜ್ಜಿ ಪುಸ್ತಕ ಬಿಟ್ಟಳು. ನನ್ನ ಅಪ್ಪನಿಗೆ ಆಗ ಹತ್ತೊಂಬತ್ತು, ಅವನೂ ಪಕ್ಕದಲ್ಲಿ ನಿಂತಿದ್ದ. ಪುಸ್ತಕ ಬಿದ್ದದ್ದು ಎಲ್ಲಿಗೆ ಎಂದು ಬೇರೆ ಹೇಳಬೇಕೆ? ಅಜ್ಜಿ ಕನ್ನಡಕ ಏರಿಸಿ ಓದಿದಳು, ಮತ್ತೊಮ್ಮೆ ಓದಿದಳು. ಕಣ್ಣಲ್ಲಿ ನೀರು ತಂದುಕೊಂಡಳು. ಮಗಳನ್ನು ಅಷ್ಟು ದೂರ ಕಳಿಸಲು ಅವಳಿಗೆ ಒಂದಿಷ್ಟೂ ಇಷ್ಟವಿರಲಿಲ್ಲ.

"ಹೋಗು ಮಗಳೇ," ಎಂದಳು. "ನನಗೆ ಬೇಡ ಅನ್ಸುತ್ತೆ. ಆದ್ರೆ ನನ್ನ ಇಷ್ಟ ಕಟ್ಕೊಂಡು ಏನು? ಕರ್ತನೇ ಕಳಿಸ್ತಿದ್ದಾನೆ."

ಅತ್ತೆ ಗೆದ್ದಳು. ಆದರೆ ಅಜ್ಜಿ ತನ್ನ ಆಸೆಯನ್ನು ನುಂಗಿಕೊಂಡು ದೇವರ ಮಾತಿಗೆ ತಲೆಬಾಗಿದ್ದಳು, ಆ ಮಾತು ದೇವರದಾಗಿರಲಿಲ್ಲ. ಮೂರು ದಿನ ಅತ್ತೆ ಸೂಜಿಯಿಂದ ಬೆರಳು ಚುಚ್ಚಿಕೊಂಡು ಚುಚ್ಚಿಕೊಂಡು ಕೆಲಸ ಮಾಡಿದಳು. ನಾಲ್ಕನೆಯ ದಿನ ಮೊಳೆ ಜೋಡಿಸುವ ಕೋಣೆಗೆ ಹೋಗಿ ಅವನ ಮುಂದೆ ನಿಂತಳು.

"ನಾನು ಬರಲ್ಲ."

"ಅಮ್ಮ ಒಪ್ಪಿದ್ರು ಅಂದೆ?"

"ಒಪ್ಪಿದ್ರು. ಪುಸ್ತಕ ಒಪ್ಪಿತು ಅಂತ ಒಪ್ಪಿದ್ರು. ಆ ಪುಟ ನಾನೇ ಒತ್ತಿಟ್ಟಿದ್ದೆ."

ಅವನು, "ಒತ್ತಿದ್ರೆ ಏನಾಯ್ತೀಗ? ನಾನು ಬೇಕು ಅಂತ ತಾನೇ ಒತ್ತಿದ್ದು?" ಎಂದ.

"ಬೇಕು. ಅದಕ್ಕೇ ಬರಲ್ಲ. ನನ್ನ ಮಾತನ್ನ ದೇವರ ಬಾಯಿಗೆ ತುರುಕಿದ್ದೀನಿ. ಅವನ ಮುಂದೆ ಯಾವ ಮುಖ ಇಟ್ಕೊಂಡು ನಿಂತು ಮದುವೆ ಆಗ್ಲಿ?"

"ಹಾಗಾದ್ರೆ ಅಮ್ಮನಿಗೆ ನಿಜ ಹೇಳು. ಹೇಳಿ ಇನ್ನೊಂದ್ಸಲ ಕೇಳು. ಬೇಡ ಅಂತ ಬಂದ್ರೆ ನಾನೇ ಸುಮ್ನೆ ಹೋಗ್ತೀನಿ."

"ಅದೊಂದು ನನ್ನ ಕೈಲಾಗಲ್ಲ," ಎಂದಳು ಅತ್ತೆ.

ನನ್ನ ಅತ್ತೆಯ ಇಡೀ ಬದುಕು ಆ ಒಂದು ವಾಕ್ಯದಲ್ಲಿದೆ. ಬಿಟ್ಟುಕೊಡು ಎಂದರೆ ಏನು ಬೇಕಾದರೂ ಬಿಟ್ಟುಕೊಡುತ್ತಿದ್ದಳು, ಒಪ್ಪಿಕೋ ಎಂದರೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಅವನು ತಿಂಗಳ ಕೊನೆಗೆ ಹೊರಟುಹೋದ. ಎರಡು ವರ್ಷದ ಮೇಲೆ ಅಲ್ಲಿಯವಳೊಬ್ಬಳನ್ನು ಮದುವೆಯಾದನಂತೆ. ಅವನ ಬಗ್ಗೆ ನನಗೆ ಕೋಪವಿಲ್ಲ. ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಇತ್ತ ಮನೆಯಲ್ಲಿ ಅಜ್ಜಿ ಕೆಂಡವಾದಳು. "ಹೋಗಲ್ಲ ಅಂದ್ರೆ ಏನೇ ಅರ್ಥ? ಕರ್ತ ಹೋಗು ಅಂದ್ಮೇಲೆ?"

"ನಂಗೆ ಇಷ್ಟ ಇಲ್ಲಮ್ಮ."

"ನಿನ್ನ ಇಷ್ಟ ಯಾರು ಕೇಳಿದ್ರು? ನನ್ನ ಇಷ್ಟ ನಾನು ಬಿಡ್ಲಿಲ್ವಾ?"

ಮಾತು ಮನೆಯಿಂದ ಸಭೆಗೆ ಹೋಯಿತು, ಸಭೆಯಿಂದ ಹೆಂಗಸರ ಪ್ರಾರ್ಥನಾ ಕೂಟಕ್ಕೆ ಹೋಯಿತು. ದೇವರು ಬಾಯಿಬಿಟ್ಟು ಹೋಗು ಎಂದರೂ ತನ್ನ ಇಷ್ಟವೇ ದೊಡ್ಡದು ಎಂದವಳು, ಎಂದು ಚಿಕ್ಕ ಹುಡುಗಿಯರಿಗೆ ಅವಳನ್ನು ತೋರಿಸಿ ಬುದ್ಧಿ ಹೇಳಿದರು. ದೇವರಿಗಾಗಿ ತನ್ನ ಒಂದೇ ಒಂದು ಆಸೆಯನ್ನು ಕಿತ್ತು ಎಸೆದವಳಿಗೆ, ಆಸೆಗಾಗಿ ದೇವರನ್ನು ಎಸೆದವಳು ಎಂಬ ಹೆಸರು ಬಂತು. ಅವಳು ಅದನ್ನೂ ಹೊಟ್ಟೆಗೆ ಹಾಕಿಕೊಂಡಳು. ಮಾಡಿದ ತಪ್ಪಿಗೆ ಇದು ದಂಡ ಎಂದು ಒಳಗೊಳಗೇ ಸಮಾಧಾನ ಕೂಡ ಪಟ್ಟಳಂತೆ. ಅಲ್ಲಿಗೇ ನಿಂತಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ.

ಆದರೆ ಪುಸ್ತಕ ಬೀರುವಿನ ಮೇಲೆ ಕೂತಿತ್ತು, ಒತ್ತಿದ ಪುಟ ಒತ್ತಿದ ಹಾಗೇ. ಅತ್ತೆ ಎರಡು ಮೂರು ಸಲ, "ಅಮ್ಮ, ಆ ಹೊಲಿಗೆ ನಂಗೆ ಸಮಾಧಾನ ಇಲ್ಲ, ಬಿಚ್ಚಿ ಇನ್ನೊಂದ್ಸಲ ಕಟ್ತೀನಿ ಕೊಡು," ಎಂದು ಕೇಳಿದಳು. ಅಜ್ಜಿ ಕೊಡಲಿಲ್ಲ. "ಅದರ ಮಾತು ಕೇಳದವಳ ಕೈ ಅದಕ್ಕೆ ತಾಗೋದು ಬೇಡ," ಎಂದಳು.

ತಾರೀಖು ಬರೆಯಲು ಇಳಿದದ್ದು ಬಿಟ್ಟರೆ, ಕೇಳಲೆಂದು ಏಳು ವರ್ಷ ಅದು ಕೆಳಗಿಳಿಯಲಿಲ್ಲ. ಅಪ್ಪನ ಮದುವೆಯ ವಿಷಯಕ್ಕೂ ಇಳಿಯಲಿಲ್ಲ, ಅಮ್ಮನನ್ನು ಅಜ್ಜಿಯೇ ಹುಡುಕಿ ತಂದವಳಾದ್ದರಿಂದ ದೇವರನ್ನು ಕೇಳುವ ಅಗತ್ಯ ಬೀಳಲಿಲ್ಲವೇನೋ. ನಾನು ಹುಟ್ಟಿದೆ. ನನಗೆ ಹದಿನಾಲ್ಕು ತಿಂಗಳಾಗಿದ್ದಾಗ ಅಪ್ಪನಿಗೆ ಬೆಟ್ಟ ಕೊರೆದು ರೈಲು ದಾರಿ ಮಾಡುವ ಕಡೆ ಮೆಕ್ಯಾನಿಕ್ ಕೆಲಸ ಬಂತು. ಆಗ ಇದ್ದದ್ದಕ್ಕಿಂತ ದೊಡ್ಡ ಕೆಲಸ, ಆದರೆ ವರ್ಷಕ್ಕೊಮ್ಮೆ ಮಾತ್ರ ರಜೆ. ಅಪ್ಪನಿಗೆ ಹೋಗಲು ಮನಸ್ಸಿರಲಿಲ್ಲ. ಅಮ್ಮನಿಗಂತೂ ಇರಲೇ ಇಲ್ಲ. "ಇಲ್ಲೇ ಇರ್ತೀನಿ, ಮಗೂನ ನೋಡ್ಕೊಂಡು," ಎಂದು ಅಮ್ಮನಿಗೆ ಹೇಳಿಯೂ ಇದ್ದನಂತೆ. ಹಾಗೆಂದು ಸುಮ್ಮನೆ ಇದ್ದುಬಿಡುವ ಮನೆಯಲ್ಲ ನಮ್ಮದು. ಕೇಳಬೇಕಲ್ಲ.

ಅಜ್ಜಿ ಪುಸ್ತಕ ಬಿಟ್ಟಳು. ಅದೇ ಪುಟ ಬಿತ್ತು.

ನಾನು ಈಗ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಸಾವಿರದ ಇನ್ನೂರು ಪುಟದ ಪುಸ್ತಕ ಎರಡು ಸಲ ಬಿಟ್ಟರೆ ಎರಡು ಸಲವೂ ಒಂದೇ ಜಾಗದಲ್ಲಿ ಬೀಳುವುದು ಎಷ್ಟು ಅಪರೂಪ ಎಂದು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಬಲ್ಲೆ. ಅಂಥದ್ದು ನಡೆದರೆ ಪುಸ್ತಕದಲ್ಲಿ ಏನೋ ಐಬಿದೆ ಎನ್ನುತ್ತದೆ ನನ್ನ ಗಣಿತ. ಅಜ್ಜಿಯ ಭಕ್ತಿ ಬೇರೆಯದೇ ಹೇಳಿತು.

"ನೋಡಿದ್ರಾ? ಅದೇ ಮಾತು!" ಎಂದಳು. "ಅಕ್ಕನಿಗೆ ಕೊಟ್ಟ, ಅವಳು ಕಾಲಲ್ಲಿ ಒದ್ದಳು. ಈಗ ತಮ್ಮನಿಗೆ ಕೊಡ್ತಿದ್ದಾನೆ. ನೀನಾದ್ರೂ ಕೇಳು ಮಗನೇ."

ಅತ್ತೆ ಅಲ್ಲೇ, ಬಾಗಿಲಿನ ಪಕ್ಕದ ಸ್ಟೂಲಿನ ಮೇಲೆ, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದ್ದಳು. ಅವಳು ಎದ್ದಳು. "ಅಮ್ಮ, ಆ ಪುಸ್ತಕ..." ಎಂದಳು.

"ನೀನು ಸುಮ್ನಿರು!" ಅಜ್ಜಿ ಗದರಿದಳು. "ನಿಂದು ನೀನು ನಡೆಸಿದ್ದು ಸಾಕು. ಅವನ ದಾರೀಗೂ ಅಡ್ಡ ಬರ್ಬೇಡ."

ಅಪ್ಪ ಅಕ್ಕನ ಕಡೆ ತಿರುಗಿ ಕೇಳಿದ, "ಏನಕ್ಕಾ? ಏನೋ ಹೇಳೋಕೆ ಬಂದೆ?"

ಮೂರು ಜನ ಅವಳ ಮುಖವನ್ನೇ ನೋಡುತ್ತಿದ್ದರು. ತಮ್ಮ ಕಾಯುತ್ತಿದ್ದ. ಒಂದೇ ಮಾತು ಸಾಕಿತ್ತು. ಏಳು ವರ್ಷ ಅನುಭವಿಸಿದ ಅವಮಾನದ ಮೇಲೆ ಇನ್ನೊಂದು ಅವಮಾನ, ಅಷ್ಟೇ ಅದರ ಬೆಲೆ.

"ಏನಿಲ್ಲ," ಎಂದಳು ಅತ್ತೆ.

ಅಪ್ಪ ಹೋದ. ನನ್ನ ಇಷ್ಟ ಬೇರೆ, ಕರ್ತನ ಚಿತ್ತ ಬೇರೆ, ಅವನ ಚಿತ್ತವೇ ಆಗಲಿ ಎಂದು ಅಮ್ಮನಿಗೆ ಹೇಳಿ, ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೋದ. ಅವನ ನಂಬಿಕೆಯಲ್ಲಿ ಒಂದು ಎಳೆ ಸುಳ್ಳಿರಲಿಲ್ಲ. ಅದನ್ನು ನೆನೆದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ. ಎಂಟು ತಿಂಗಳಿಗೆ ಸುರಂಗದ ಚಾವಣಿ ಕುಸಿಯಿತು. ಪೆಟ್ಟಿಗೆಗೆ ಮೊಳೆ ಹೊಡೆದೇ ಕಳಿಸಿದ್ದರು, ತೆರೆಯಬಾರದು ಎಂದು ಚೀಟಿ ಅಂಟಿಸಿತ್ತು. ಅಮ್ಮನಿಗೆ ಆಗ ಇಪ್ಪತ್ತಮೂರು.

ಅಜ್ಜಿ ಅಳಲಿಲ್ಲ. "ಕೇಳಿದ್ವಿ, ಹೇಳಿದ, ವಿಧೇಯರಾದ್ವಿ. ಅಷ್ಟೇ ನಮ್ಮ ಕೆಲಸ," ಎಂದಳು. ಮೊದಲ ಹಾಳೆಯಲ್ಲಿ ತಾರೀಖು ಬರೆಯಲು ಪುಸ್ತಕ ಇಳಿಸಿ, ಬರೆದು, ಮೇಲಿಟ್ಟಳು. ಅದಾದ ಮೇಲೆ ಅವಳು ಎಂದೂ ಪುಸ್ತಕ ಬಿಡಲಿಲ್ಲ. ಕೇಳುವ ಧೈರ್ಯ ಹೋಗಿತ್ತೋ, ಕೇಳಲು ಏನೂ ಉಳಿದಿರಲಿಲ್ಲವೋ.

ಅತ್ತೆ ಮಾತ್ರ ಆ ವಾರದಿಂದ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದನ್ನು ನಿಲ್ಲಿಸಿದಳು. ತಿಂಗಳ ಮೊದಲ ಭಾನುವಾರ ಎಲ್ಲರೂ ಎದ್ದು ಮುಂದಿನ ಕಟಕಟೆಯ ಹತ್ತಿರ ಸಾಲಾಗಿ ಮೊಣಕಾಲೂರಿದರೆ, ಇವಳು ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತಿರುತ್ತಿದ್ದಳು. ಇಪ್ಪತ್ತೈದು ವರ್ಷ. ನೋಡಿ, ಈಗಲೂ ಸೆಟೆದುಕೊಂಡೇ ಇದ್ದಾಳೆ, ಎಂದು ಹೆಂಗಸರು ಮೂಗು ಮುರಿದರು.

ನನ್ನನ್ನು ಸಾಕಿದವಳು ಅತ್ತೆ. ಅಮ್ಮ ಹೆತ್ತಳು, ಅಡುಗೆ ಮಾಡಿ ಹಾಕಿದಳು. ಮನೆ ನಡೆದದ್ದು ಅತ್ತೆಯ ದಬ್ಬಣದ ಮೇಲೆ. ನನ್ನ ಶಾಲೆ, ಕಾಲೇಜು, ಅಮ್ಮನ ಔಷಧಿ, ಅಜ್ಜಿಯ ಕನ್ನಡಕ, ಎಲ್ಲ. ತನಗಾಗಿ ಒಂದು ಹೊಸ ಚಪ್ಪಲಿ ಕೊಂಡದ್ದನ್ನೂ ನಾನು ಕಂಡವಳಲ್ಲ. ಅಮ್ಮ ಅವಳನ್ನು ಹೊತ್ತು ಮೆರೆಸುತ್ತಿದ್ದಳು. "ನಮ್ಮತ್ತಿಗೆ ಇಲ್ದಿದ್ರೆ ನಾವಿಬ್ರೂ ಬೀದಿಗೆ ಬೀಳ್ತಿದ್ವಿ," ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅತ್ತೆಯನ್ನು ಸ್ವಚಿತ್ತದವಳು ಎಂದವರ ಜೊತೆ ಜಗಳಕ್ಕೆ ನಿಂತದ್ದೂ ಉಂಟು. ಆಗೆಲ್ಲ ಅತ್ತೆ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಹೊಗಳಿಕೆ ಎಂದರೆ ನಾಚಿಕೆ ಪಾಪ, ಎಂದುಕೊಳ್ಳುತ್ತಿದ್ದೆ ನಾನು.

ಅಜ್ಜಿ ಎಂಬತ್ತೈದು ದಾಟಿ ಸತ್ತಳು. ಅವಳ ತಾರೀಖು ಬರೆಯಲು ಪುಸ್ತಕ ಇಳಿಸಿದವಳು ನಾನು. ರಟ್ಟು ಒಂದು ಕಡೆ ಕಿತ್ತುಬಂದಿತ್ತು. ಅತ್ತೆ ನಿವೃತ್ತಿಯಾಗಲು ಇನ್ನೊಂದು ತಿಂಗಳಿತ್ತು. ಅಷ್ಟರೊಳಗೆ ಕಟ್ಟಿಸಿಬಿಡೋಣ ಎಂದು ಶಾಲೆಯ ಊಟದ ಬಿಡುವಿನಲ್ಲಿ ಅಚ್ಚುಕೂಟಕ್ಕೆ ಒಯ್ದು ಅವಳ ಬೆಂಚಿನ ಮೇಲಿಟ್ಟೆ. ಬಟ್ಟೆ ಬಿಚ್ಚಿದ್ದೇ ತಡ ಪುಸ್ತಕ ತಾನಾಗಿ ತೆರೆದುಕೊಂಡಿತು.

"ನೋಡತ್ತೆ, ಇದಕ್ಕೆ ಯಾರೋ ಕೆಟ್ಟ ಚಾಳಿ ಕಲಿಸಿದ್ದಾರೆ," ಎಂದು ನಕ್ಕೆ.

ಅತ್ತೆ ನಗಲಿಲ್ಲ. ಕೈಯಲ್ಲಿದ್ದ ಬ್ರಷ್ಷನ್ನು ಅಂಟಿನ ಡಬ್ಬಿಗೆ ಇಳಿಸಿ, ಎಪ್ರನ್ನಿಗೆ ಕೈ ಒರೆಸಿಕೊಂಡು, "ನಾನೇ," ಎಂದಳು. ಆಮೇಲೆ ಮೊದಲಿನಿಂದ ಕೊನೆಯ ತನಕ ಎಲ್ಲ ಹೇಳಿದಳು. ಮೇಲೆ ನಾನು ಬರೆದದ್ದೆಲ್ಲ ಅವತ್ತು ಅವಳ ಬಾಯಿಂದ ಬಂದದ್ದೇ. ಒಂದು ಮಾತೂ ತನ್ನ ಪರವಾಗಿ ಆಡಲಿಲ್ಲ.

"ಕಾಯಬೇಕಿತ್ತು ಕಣೇ," ಎಂದಳು ಕೊನೆಗೆ. "ಕರ್ತ ಏನು ಹೇಳ್ತಿದ್ದನೋ. ಹೋಗು ಅಂತಲೇ ಅಂತಿದ್ದನೋ ಏನೋ. ಕೇಳೋಕೆ ಬಿಡ್ಲಿಲ್ಲ ನಾನು. ಆಮೇಲೆ ನಿಮ್ಮಪ್ಪ... ಅವತ್ತು ಬಾಯಿ ಬಿಟ್ಟಿದ್ರೆ..."

ನಾನು ಅವಳ ಭುಜದ ಮೇಲೆ ಕೈಯಿಡಬೇಕಿತ್ತು. ಇಡಲಿಲ್ಲ. ನನಗೆ ನೆನಪಾದದ್ದು ಅಮ್ಮನ ಬಾಯಲ್ಲಿ ಕೇಳಿದ್ದ, ಮೊಳೆ ಹೊಡೆದ ಪೆಟ್ಟಿಗೆ. ನಾನು ಕೂಗಾಡಿದೆ. ಮಡಿಕೆ ಹಾಕುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಇಪ್ಪತ್ತೈದು ವರ್ಷ ನಮಗೆ ಅನ್ನ ಹಾಕಿದ್ದು ಪ್ರೀತಿಗೋ ಪರಿಹಾರಕ್ಕೋ ಎಂದು ಕೇಳಿದೆ. ಅತ್ತೆ, "ಎರಡಕ್ಕೂ," ಎಂದಳು. ಆ ಪ್ರಾಮಾಣಿಕತೆ ನನ್ನ ಸಿಟ್ಟನ್ನು ಇನ್ನೂ ಏರಿಸಿತು.

"ಸಾಯೋದ್ರೊಳಗೆ ಒಂದ್ಸಲ ಕರ್ತನ ಮೇಜಿನ ಹತ್ರ ಹೋಗ್ಬೇಕು ಅಂತಿದೆ," ಎಂದಳು ಅವಳು. "ಬೇರೇನೂ ಆಸೆ ಇಲ್ಲ."

"ಅಮ್ಮನಿಗೆ ಹೇಳು. ಹೇಳದೆ ಹೋದ್ರೆ ಸಭೆಯಲ್ಲಿ ನಾನೇ ಎದ್ದು ನಿಂತು ಹೇಳ್ತೀನಿ," ಎಂದೆ. ದೇವರ ಹೆಸರಿನಲ್ಲಿ ಅಂದೆ ಎಂದುಕೊಂಡಿದ್ದೆ. ಅವಳಿಗೂ ನೋವಾಗಲಿ ಎಂಬ ಆಸೆ ಅದರಲ್ಲಿ ಎಷ್ಟಿತ್ತು ಎಂದು ಈಗ ಗೊತ್ತು.

ಅತ್ತೆ ಹೇಳಿದಳು. ಅಡುಗೆಮನೆಯಲ್ಲಿ, ಅಮ್ಮ ತರಕಾರಿ ಹೆಚ್ಚುತ್ತಿದ್ದಾಗ, ನೆಲದ ಮೇಲೆ ಎದುರು ಕೂತು ಹೇಳಿದಳು. ಅಮ್ಮ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ಎದ್ದು ಕೈ ತೊಳೆದುಕೊಂಡಳು. ಅಂದಿನಿಂದ ಅತ್ತೆಯ ಜೊತೆ ಮಾತು ನಿಂತಿತು. ತಟ್ಟೆಗೆ ಬಡಿಸಿ, ಮುಚ್ಚಳ ಮುಚ್ಚಿ, ಮೇಜಿನ ತುದಿಯಲ್ಲಿ ಇಟ್ಟು ಹೋಗುತ್ತಿದ್ದಳು. ಅತ್ತೇನ ಕ್ಷಮಿಸಮ್ಮ ಎಂದು ನಾನು ಒಂದು ಸಲ ಬಾಯಿ ಹಾಕಿದೆ. "ನೀನು ನಿಮ್ಮಪ್ಪ ಇಲ್ದೆ ಬೆಳೆದವಳು. ನಾನು ಅವರ ಜೊತೆ ಬದುಕಿದವಳು. ನಿಂಗೆ ಸುಲಭ," ಎಂದಳು.

ತಿಂಗಳ ಮೊದಲ ಭಾನುವಾರ ಬಂತು. ಅತ್ತೆ ಮೊದಲೇ ಪಾದ್ರಿಗಳ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಕೊಂಡಿದ್ದಳು. ಬನ್ನಿ, ದೇವರು ಎಂದೋ ಕ್ಷಮಿಸಿದ್ದಾನೆ, ಎಂದಿದ್ದರಂತೆ ಅವರು. ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಬಂದಿದ್ದಳು. ಮುಂದಿನ ಬೆಂಚುಗಳವರ ಜೊತೆ ನಾನೂ ಅಮ್ಮನೂ ಹೋಗಿ ಕಟಕಟೆಯ ಮುಂದೆ ಮೊಣಕಾಲೂರಿದೆವು. ಹಿಂದೆ ಬೆಂಚು ಕಿರುಗುಟ್ಟಿದ ಸದ್ದಾಯಿತು. ಸಭೆಯಲ್ಲಿ ಗುಸುಗುಸು ಎದ್ದಿತು. ಅತ್ತೆ ನಡುವಿನ ದಾರಿಯಲ್ಲಿ ನಿಧಾನಕ್ಕೆ ನಡೆದು ಬಂದಳು. ಸಾಲಿನಲ್ಲಿ ಉಳಿದಿದ್ದ ಜಾಗ ಒಂದೇ, ಅಮ್ಮನ ಪಕ್ಕದ್ದು. ಅವಳು ಅಲ್ಲಿ ಮೊಣಕಾಲೂರಿದಳು.

ಅಮ್ಮ ಎದ್ದಳು. ಬೆನ್ನು ತಿರುಗಿಸಿ ಬೆಂಚಿನ ಕಡೆ ನಡೆದಳು. ಅತ್ತೆ ಕಟಕಟೆ ಹಿಡಿದುಕೊಂಡು ತಾನೂ ಎದ್ದು, ಹಿಂದೆಯೇ ಹೋಗಿ, ದಾರಿಯ ನಡುವೆ ಅವಳ ಸೆರಗು ಹಿಡಿದಳು.

"ನೀನು ಹೋಗಮ್ಮ. ನೀನು ತಗೋ. ನಾನು ಬಿಟ್ಟೆ."

ಅಮ್ಮ ತಿರುಗಿದಳು. ದನಿ ಏರಿಸಲಿಲ್ಲ, ಆದರೆ ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿತು.

"ನೀವು ಬಿಟ್ಟಿದ್ದನ್ನೆಲ್ಲ ನಾವೇ ಯಾಕೆ ತಗೋಬೇಕು ಅತ್ತಿಗೆ? ನೀವು ಬಿಟ್ಟ 'ಹೋಗು' ಅನ್ನೋ ಮಾತನ್ನ ನನ್ನ ಗಂಡ ತಗೊಂಡ್ರು. ಅದು ಸಾಲದಾ?"

ಅತ್ತೆ ಸೆರಗು ಬಿಟ್ಟಳು. ಸ್ವಲ್ಪ ಹೊತ್ತು ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದಳು. ಆಮೇಲೆ ಬಾಗಿಲ ಕಡೆ ನಡೆದು ಹೊರಗೆ ಹೋದಳು. ಮತ್ತೆ ಅವಳು ಆ ಬಾಗಿಲು ದಾಟಿ ಒಳಗೆ ಬಂದದ್ದು ನಾಲ್ಕು ತಿಂಗಳ ಮೇಲೆ, ಪೆಟ್ಟಿಗೆಯಲ್ಲಿ, ಆರು ಜನರ ಹೆಗಲ ಮೇಲೆ. ಅಂದು ಸ್ವಚಿತ್ತದವಳು ಎನ್ನುತ್ತಿದ್ದ ಹೆಂಗಸರು ಗಟ್ಟಿಯಾಗಿ ಅತ್ತರು. ಅಮ್ಮ ಅಳಲಿಲ್ಲ.

ಆ ಭಾನುವಾರ ನಾನು ಅವಳ ಹಿಂದೆ ಎದ್ದು ಹೋಗಬಹುದಿತ್ತು. ಕರೆದುಕೊಂಡು ಬಂದು ನನ್ನ ಪಕ್ಕ ಕೂರಿಸಿಕೊಳ್ಳಬಹುದಿತ್ತು. ಅಷ್ಟರಲ್ಲಿ ಪಾದ್ರಿಗಳು ತಟ್ಟೆ ಹಿಡಿದು ನನ್ನ ಮುಂದೆ ಬಂದು ನಿಂತಿದ್ದರು, ಎಲ್ಲರ ಕಣ್ಣೂ ನಮ್ಮ ಮನೆಯವರ ಮೇಲೆಯೇ ಇತ್ತು. ನನಗೆ ನಾಚಿಕೆಯಾಯಿತು. ನಾನು ಏಳಲಿಲ್ಲ. ಕೈ ಚಾಚಿ ರೊಟ್ಟಿ ತೆಗೆದುಕೊಂಡು ತಿಂದೆ.